ದುಗ್ಗಮ್ಮನ ಜಾತ್ರೆಗೆ ಇಪ್ಪತ್ನಾಲ್ಕು ಕಂತು

ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ರಲ್ಲಿ ಆಯಿತು, 2024ರಲ್ಲಿ ಆಯಿತು. ತಾಯಿ ಹೇಳದೆ ಕೇಳದೆ ಬರುವವಳಲ್ಲ. ಎರಡು ವರ್ಷ ಮೊದಲೇ ನೋಟೀಸು ಕೊಟ್ಟು ಬರುವವಳು. ಆದರೂ ಜಾತ್ರೆಗೆ ತಿಂಗಳೊಪ್ಪತ್ತು ಇದೆ ಅನ್ನುವಾಗ ಹಳೇ ಊರಿನ ಓಣಿಗಳಲ್ಲಿ ನಡೆಯುವ ಓಡಾಟ ನೋಡಬೇಕು. ಜೆರಾಕ್ಸ್ ಅಂಗಡಿ ಮುಂದೆ ಆಧಾರ್ ಕಾರ್ಡ್ ಹಿಡಿದ ಹೆಂಗಸರು. ಗಿರವಿ ಅಂಗಡಿಯ ತಕ್ಕಡಿಯಲ್ಲಿ ಕಿವಿಯೋಲೆ. ಬಣ್ಣದಂಗಡಿ, ಬಟ್ಟೆ ಅಂಗಡಿ, ಟಗರಿನ ಸಂತೆ ಎಲ್ಲ ಕಡೆ ಜನವೋ ಜನ. ರೊಕ್ಕ ಎಲ್ಲಿಂದ ಬಂತು ಎಂದು ಕೇಳಿದರೆ ಹತ್ತರಲ್ಲಿ ಆರು ಮನೆಯ ಉತ್ತರ ಒಂದೇ: "ಸಂಘದಾಗೆ ಎತ್ತೀನಿ ಅಣ್ಣಾ."

ಇದನ್ನು ಕಂಡು ಉಪದೇಶಕ್ಕೆ ಇಳಿಯುವವರು ನಮ್ಮಲ್ಲಿ ಕಮ್ಮಿಯೇನಿಲ್ಲ. ವೇದಿಕೆ, ಮೈಕು ಸಿಕ್ಕರೆ ಸಾಕು, ‘ದುಂದುವೆಚ್ಚ ಬಿಡಿ, ಉಳಿತಾಯ ಕಲಿಯಿರಿ’ ಎಂದು ಶುರು. ಹೇಳುವವರ ಮನೆ ಮದುವೆಯಲ್ಲಿ ಎಷ್ಟು ಬಗೆ ಸಿಹಿ ಬಡಿಸಿದರು ಎಂಬ ವಿಚಾರ ಇರಲಿ. ಕೂಲಿ ಮಾಡುವ ಮನೆಯ ಹೆಂಗಸಿಗೆ ಮಿತವ್ಯಯ ಕಲಿಸಲು ಹೋಗುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ.

ಅವಳ ಅಡಿಗೆಮನೆಯನ್ನೇ ನೋಡಿ. 2023ರ ಆಗಸ್ಟಿನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 3 ರೂ. ಏರಿತು. 2024ರ ಜೂನಿನಲ್ಲಿ ಪ್ಯಾಕೆಟಿಗೆ 50 ಮಿ.ಲೀ. ಸೇರಿಸಿ 2 ರೂ. ಏರಿಸಿದರು. 2025ರ ಏಪ್ರಿಲ್ 1ರಿಂದ ಆ 50 ಮಿ.ಲೀ.ಯನ್ನು ವಾಪಸ್ ತೆಗೆದುಕೊಂಡು ಲೀಟರಿಗೆ 4 ರೂ. ಏರಿಸಿದರು. ಅವರು ಮೂರು ಸಲ ಏರಿಸಿದ್ದನ್ನು ಇವಳು ಮೂರು ಸಲ ನೀರು ಬೆರೆಸಿ ಸರಿದೂಗಿಸಿದಳು. 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ದರ ಶೇ. 15 ಏರಿತು, ಗಂಡ ಹಳೇ ಸೈಕಲ್ಲಿಗೆ ಗಾಳಿ ತುಂಬಿಸಿದ. ಸೋಪು ಸವೆದು ಬಿಲ್ಲೆಯಾದರೆ ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಾಳೆ. ದೊಡ್ಡವನ ಯೂನಿಫಾರಂ ಚಿಕ್ಕವನಿಗೆ, ಚಿಕ್ಕವನಿಗೆ ಹರಿದ ಮೇಲೆ ನೆಲ ಒರೆಸಲಿಕ್ಕೆ. ಸಂಜೆ ಮಕ್ಕಳಿಗೆ ಮಂಡಕ್ಕಿ ಒಗ್ಗರಣೆ ಹಾಕಿದರೆ ರಾತ್ರಿ ಅನ್ನ ಒಂದು ಸೌಟು ಕಮ್ಮಿ ಸಾಕು ಎಂಬ ಲೆಕ್ಕ ಅವಳಿಗೆ ಯಾವ ಅರ್ಥಶಾಸ್ತ್ರದ ಮೇಷ್ಟ್ರೂ ಹೇಳಿಕೊಟ್ಟಿದ್ದಲ್ಲ.

ಕರೆಂಟಿನ ವಿಚಾರದಲ್ಲಂತೂ ಮಿತವ್ಯಯಕ್ಕೆ ವಿಚಿತ್ರ ಬಹುಮಾನ ಸಿಕ್ಕಿತು. 2023ರ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದರೂ, ಒಂದೊಂದು ಮನೆಗೆ ಎಷ್ಟು ಎಂಬುದು 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ನಿಗದಿಯಾಯಿತು. ಆ ವರ್ಷ ಲೈಟು ಆರಿಸಿ ಆರಿಸಿ ಉಳಿಸಿದವರಿಗೆ ಉಚಿತವೂ ಕಮ್ಮಿ, ಫ್ಯಾನು ತಿರುಗಲು ಬಿಟ್ಟವರಿಗೆ ಉಚಿತವೂ ಜಾಸ್ತಿ! ಆಮೇಲೆ 2024ರಲ್ಲಿ ತೀರಾ ಕಮ್ಮಿ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ ಎಂದು ಸ್ವಲ್ಪ ತಿದ್ದಿದರು.

ಹಾಗಾದರೆ ಇಷ್ಟೆಲ್ಲ ಹಿಡಿದು ಹಿಡಿದು ಉಳಿಸಿದ್ದು ಎಲ್ಲಿಗೆ ಹೋಗುತ್ತದೆ? 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾಗಿ ಮನೆಯೊಡತಿಯ ಹೆಸರಿಗೆ ತಿಂಗಳಿಗೆ 2,000 ರೂ. ಎಂದಾಯಿತು. ತಡವಾಗಿ ಬರಲಿ, ಎರಡು ಮೂರು ಕಂತು ಒಟ್ಟಿಗೇ ಬರಲಿ, ಬಂದದ್ದಂತೂ ನಿಜ. ಆದರೂ ಜಾತ್ರೆಗೆ ಸಾಲ, ಶಾಲೆ ಶುರುವಾದರೆ ಸಾಲ, ಸೀಮಂತಕ್ಕೆ ಸಾಲ. ಸೋರುತ್ತಿರುವುದು ಎಲ್ಲಿ?

ಟಗರು ಎರಡು

ಲೆಕ್ಕ ಬಿಟ್ಟು ಮಾತಾಡುವುದು ಬೇಡ. ಒಂದು ಮನೆಯ ಜಾತ್ರೆ ಖರ್ಚು 50,000 ರೂ. ಎಂದು ಹಿಡಿಯೋಣ. ಟಗರು, ಅಕ್ಕಿ, ಮಸಾಲೆ, ಬೀಗರಿಗೆ ಸೀರೆ-ಕುಪ್ಪಸ, ಮಕ್ಕಳಿಗೆ ಬಟ್ಟೆ, ಗೋಡೆಗೆ ಬಣ್ಣ. ಜಾತ್ರೆ ಮಾಡಿದವರಿಗೆ ಇದು ದೊಡ್ಡ ಲೆಕ್ಕ ಅನ್ನಿಸಲಾರದು.

ಈ 50,000ವನ್ನು ಫೈನಾನ್ಸಿನವರಿಂದ ವರ್ಷಕ್ಕೆ ಶೇ. 24ರ ಬಡ್ಡಿಯಲ್ಲಿ, ಇಪ್ಪತ್ನಾಲ್ಕು ತಿಂಗಳ ಕಂತಿಗೆ ಎತ್ತಿದರೆ ತಿಂಗಳಿಗೆ ಕಟ್ಟಬೇಕಾದ್ದು 2,644 ರೂ. ಎರಡು ವರ್ಷಕ್ಕೆ 63,456 ರೂ. ಬಡ್ಡಿಯೇ 13,456. ಫಾರಂ ಖರ್ಚು, ವಿಮೆ ಎಂದು ಮುರಿದುಕೊಳ್ಳುವುದು ಬೇರೆ.

ಅದೇ 50,000ವನ್ನು ಜಾತ್ರೆಗೆ ಮುಂಚಿನ ಇಪ್ಪತ್ನಾಲ್ಕು ತಿಂಗಳಲ್ಲಿ ಕೂಡಿಸಬೇಕೆಂದರೆ? ಬ್ಯಾಂಕಿನ ಆರ್.ಡಿ.ಗೆ ಶೇ. 6 ಬಡ್ಡಿ ಹಿಡಿದರೂ ತಿಂಗಳಿಗೆ 1,960 ರೂ. ಕಟ್ಟಿದರೆ ಸಾಕು. ಕೈಯಿಂದ ಹೋಗುವುದು 47,040. ಮಿಕ್ಕದ್ದನ್ನು ಬ್ಯಾಂಕೇ ತುಂಬುತ್ತದೆ. ದಿನಕ್ಕೆ ಹೆಚ್ಚುಕಮ್ಮಿ 65 ರೂಪಾಯಿ.

ಎರಡಕ್ಕೂ ನಡುವಿನ ಅಂತರ 16,416 ರೂ. ಸಂತೆಯಲ್ಲಿ ಒಂದು ಟಗರಿನ ರೇಟು ಅಷ್ಟಿರುತ್ತದೆ. ಅಂದರೆ ಸಾಲ ಮಾಡಿ ಜಾತ್ರೆ ಮಾಡಿದವನು ಎರಡು ಟಗರು ಕಡಿಯುತ್ತಾನೆ. ಒಂದು ಬೀಗರಿಗೆ, ಇನ್ನೊಂದು ಫೈನಾನ್ಸಿಗೆ. ಎರಡನೆಯದರ ಸಾರು ಅವನ ಎಲೆಗೆ ಬೀಳುವುದಿಲ್ಲ.

ಇಲ್ಲಿ ಇನ್ನೊಂದು ಸಂಗತಿಯಿದೆ. ಇಪ್ಪತ್ನಾಲ್ಕು ಕಂತು ಮುಗಿಯುವುದು ಯಾವಾಗ? ಸರಿಯಾಗಿ ಮುಂದಿನ ಜಾತ್ರೆಯ ಹೊತ್ತಿಗೆ. ಕೊನೇ ಕಂತು ಕಟ್ಟಿ ಕೈ ತೊಳೆಯುವಷ್ಟರಲ್ಲಿ ಮತ್ತೆ ಜಾತ್ರೆ. ಮತ್ತೆ ಜೆರಾಕ್ಸ್ ಅಂಗಡಿ. "ನೀವು ಸರಿಯಾಗಿ ಕಟ್ಟೀರಿ ಅಕ್ಕಾ, ಈ ಸಲ ಎಪ್ಪತ್ತು ಸಾವಿರ ಕೊಡ್ತೀವಿ" ಎಂದು ಫೈನಾನ್ಸಿನ ಹುಡುಗನೇ ಬಾಗಿಲಿಗೆ ಬರುತ್ತಾನೆ. ಹೀಗೆ ಹತ್ತು ವರ್ಷ ಕಳೆದ ಮನೆಯೊಂದು ಐದು ಜಾತ್ರೆ ಮಾಡಿ ಐದು ಟಗರಿನ ಬಡ್ಡಿ ಕಟ್ಟಿರುತ್ತದೆ.

ಇದು ನಮ್ಮ ಹಳೇ ಊರಿನ ಓಣಿಗಳಿಗೆ ಸೀಮಿತವಾದ ಕತೆಯಲ್ಲ. ದೇಶದ ಮನೆಮನೆಗಳ ಹಣಕಾಸು ಉಳಿತಾಯ, ಸಾಲ ಕಳೆದ ಮೇಲೆ, 2021-22ರಲ್ಲಿ ಜಿಡಿಪಿಯ ಶೇ. 7.2 ಇದ್ದದ್ದು 2022-23ರಲ್ಲಿ ಶೇ. 5.1ಕ್ಕೆ ಇಳಿಯಿತೆಂದು 2023ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕಿನ ಅಂಕಿಅಂಶ ಹೇಳಿತು. ದಶಕಗಳಲ್ಲೇ ಕಾಣದ ಕುಸಿತ ಎಂದು ಪತ್ರಿಕೆಗಳು ಬರೆದವು. ಆಮೇಲೆ ತುಸು ಸುಧಾರಿಸಿತು, ಆ ಮಾತು ಬೇರೆ. ಗಮನಿಸಬೇಕಾದ್ದು ಏನೆಂದರೆ, ಜನ ಕೂಡಿಡುವುದನ್ನು ಬಿಟ್ಟುಬಿಟ್ಟರು ಎಂಬುದಷ್ಟೇ ಕಾರಣವಾಗಿರಲಿಲ್ಲ. ಸಾಲ ಏರಿದ್ದೂ ದೊಡ್ಡ ಕಾರಣವಾಗಿತ್ತು. ನಮ್ಮೂರಿನ ಜಾತ್ರೆ ಲೆಕ್ಕವೇ ದೊಡ್ಡ ಕಾಗದದ ಮೇಲೆ ಬರೆದದ್ದು, ಅಷ್ಟೆ.

ಸಾಲ ಕಟ್ಟುವ ಕೈ ಕೂಡಿಸಲಾರದೆ?

ಇಲ್ಲಿಗೆ ಓದುಗರು ಕೇಳಬಹುದು: ತಿಂಗಳಿಗೆ 2,644 ತಪ್ಪದೆ ಕಟ್ಟುವ ಹೆಂಗಸು 1,960 ಕೂಡಿಸಲಾರಳೇ ಸ್ವಾಮೀ? ಕಟ್ಟುವ ತಾಕತ್ತು ಇದೆಯಲ್ಲ?

ತಾಕತ್ತು ಇದೆ. ಆದರೆ ಮನೆಯಲ್ಲಿರುವ ರೊಕ್ಕ ಹಾಲಿದ್ದ ಹಾಗೆ, ಇಟ್ಟರೆ ಕೆಡುತ್ತದೆ. ಸಾಸಿವೆ ಡಬ್ಬಿಯಲ್ಲಿ ಎರಡು ಸಾವಿರ ಇದೆ ಎಂದು ಗೊತ್ತಾದರೆ ಮೈದುನನ ಬೈಕಿನ ಟೈರು ಅದೇ ವಾರ ಸವೆಯುತ್ತದೆ. ನಾದಿನಿಯ ಮಗುವಿಗೆ ಜ್ವರ. ಗಂಡನಿಗೆ ಗೆಳೆಯನ ಮನೆಯ ಮದುವೆಗೆ ಮುಯ್ಯಿ. ಇದೆ ಎಂದು ಗೊತ್ತಿದ್ದೂ ಕೊಡದಿದ್ದರೆ ಮನೆಯಲ್ಲಿ ಮಾತು, ಕೊಟ್ಟರೆ ವಾಪಸಿಲ್ಲ. ಆದರೆ "ನಾಳೆ ಸಂಘದ ಕಂತು ಐತಿ" ಎಂದರೆ? ಗಂಡ ಸುಮ್ಮನಾಗುತ್ತಾನೆ, ಅತ್ತೆ ಸುಮ್ಮನಾಗುತ್ತಾಳೆ, ಮೈದುನ ಬೈಕು ತಳ್ಳಿಕೊಂಡು ಹೋಗುತ್ತಾನೆ. ಸಾಲದ ಕಂತಿಗೆ ಮನೆಯಲ್ಲಿ ಮರ್ಯಾದೆ ಇದೆ, ಉಳಿತಾಯದ ಕಂತಿಗೆ ಇಲ್ಲ. ಕೆಲವು ಹೆಂಗಸರು ಸಾಲ ಎತ್ತುವುದೇ ಇದಕ್ಕೆ. ತನ್ನದೇ ದುಡಿಮೆಯ ರೊಕ್ಕವನ್ನು ತನ್ನವರಿಂದ ಕಾಪಾಡಿಕೊಳ್ಳಲು ಶೇ. 24 ಬಾಡಿಗೆ ಕೊಡುತ್ತಿದ್ದಾಳೆ ಎನ್ನಿ.

ಎರಡನೆಯದು, ಬಾಗಿಲಿಗೆ ಬರುವವರ ವಿಚಾರ. ಸಾಲ ವಸೂಲಿಗೆ ನಿಗದಿತ ದಿನ, ನಿಗದಿತ ಹೊತ್ತಿಗೆ ಜನ ಬರುತ್ತಾರೆ. ಉಳಿತಾಯ ಕಟ್ಟಿಸಿಕೊಳ್ಳಲು ಯಾರೂ ಬರುವುದಿಲ್ಲ. ಅರ್ಧ ದಿನದ ಕೂಲಿ ಬಿಟ್ಟು ಬ್ಯಾಂಕಿಗೆ ಹೋಗಿ, ಕ್ಯೂ ನಿಂತು, ಮಷೀನಿಗೆ ಹಾಕಿ ಎನ್ನಿಸಿಕೊಂಡು, ಮಷೀನು ಕೆಟ್ಟಿದೆ ಎನ್ನಿಸಿಕೊಂಡು ಬರಬೇಕು. ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಮುಂದೆ ಕೂತು ಬಂದವಳಿಗೆ ಅಷ್ಟು ಪುರುಸೊತ್ತೆಲ್ಲಿ?

ಒಂದು ಕಾಲಕ್ಕೆ ಹೀಗಿರಲಿಲ್ಲ. ಅಂಗಡಿಕಾರರಿಗೆ ಇದು ಚೆನ್ನಾಗಿ ಗೊತ್ತು.

ಎರಡಾಣೆಯ ಪಿಗ್ಮಿ

ಉಡುಪಿಯಲ್ಲಿ 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮೂವರು ಸೇರಿ 8,000 ರೂ. ಬಂಡವಾಳದಲ್ಲಿ ಒಂದು ಬ್ಯಾಂಕು ಹಾಕಿದರು. ಕರಾವಳಿಯ ಕೈಮಗ್ಗದ ನೇಕಾರರು ಸೋತು ಕೂತಿದ್ದ ಕಾಲ. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟನು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆ ಕೊಟ್ಟರೂ ತೆಗೆದುಕೊಂಡು ಬರೆದುಕೊಳ್ಳುತ್ತಿದ್ದ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 1969ರಲ್ಲಿ ರಾಷ್ಟ್ರೀಕರಣವಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಬೋರ್ಡು ಹೋದರೂ ಪಿಗ್ಮಿ ಎಂಬ ಮಾತು ಕನ್ನಡದಲ್ಲಿ ಉಳಿಯಿತು. ಮನೆ ಮನೆ ಸುತ್ತಿ ಠೇವಣಿ ಸಂಗ್ರಹಿಸುವವರೂ ಕಾರ್ಮಿಕರೇ ಎಂದು 2001ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಬಿಸಿಲಲ್ಲಿ ಸೈಕಲ್ ತುಳಿದು ಸವೆದವರಿಗೆ ಅಷ್ಟಾದರೂ ಸಿಕ್ಕಿತು.

ಪಿಗ್ಮಿಗೆ ಬಡ್ಡಿ ಕಮ್ಮಿ. ನಡುವೆ ಮುರಿದರೆ ಇನ್ನೂ ಕಮ್ಮಿ. ಅದನ್ನು ಹಿಡಿದು ‘ಪಿಗ್ಮಿ ಕಟ್ಟುವವನು ದಡ್ಡ’ ಎನ್ನುವ ಜಾಣರಿದ್ದಾರೆ. ಅವರಿಗೆ ತಿಳಿಯದ್ದು ಇಷ್ಟೇ: ಅಂಗಡಿಯವನು ಪಿಗ್ಮಿ ಕಟ್ಟುತ್ತಿದ್ದದ್ದು ಬಡ್ಡಿಗಲ್ಲ, ಏಜೆಂಟು ದಿನಾ ಬರುತ್ತಾನೆ ಎಂಬುದಕ್ಕೆ. ಸಂಜೆ ಆರೂವರೆಗೆ "ಯಜಮಾನ್ರೇ" ಎಂದು ಬಂದು ನಿಂತರೆ ಗಲ್ಲಾಪೆಟ್ಟಿಗೆ ತೆರೆಯಲೇಬೇಕು. ಪಕ್ಕದ ಅಂಗಡಿಯವನು ಕೊಟ್ಟದ್ದು ಕಾಣುತ್ತದೆ, ತಾನು ಕೊಡದಿದ್ದರೆ ಹೇಗೆ?

ಈಗ ಅದೇ ಅಂಗಡಿ ಸಾಲಿನಲ್ಲಿ ಸಂಜೆ ಬರುವವನು ಇನ್ನೊಬ್ಬ. ಬೆಳಿಗ್ಗೆ 9,000 ಕೊಟ್ಟು, ದಿನಕ್ಕೆ 100ರಂತೆ ನೂರು ದಿನ ವಸೂಲು ಮಾಡುವ ದಿನದ ಫೈನಾನ್ಸಿನವನು. ‘ನೂರು ದಿನಕ್ಕೆ ಸಾವಿರ ತಾನೆ’ ಎನ್ನಿಸುತ್ತದೆ. ಆದರೆ ದಿನದಿನವೂ ಅಸಲು ಕರಗುತ್ತಾ ಬಂದಿರುತ್ತದೆ. ಆ ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ಶೇ. 75 ದಾಟುತ್ತದೆ. ಅದೇ ನೂರನ್ನು ಅದೇ ನೂರು ದಿನ ಪಿಗ್ಮಿಗೆ ಕೊಟ್ಟಿದ್ದರೆ ಹತ್ತು ಸಾವಿರ ತನ್ನದೇ. ಗಲ್ಲಾಪೆಟ್ಟಿಗೆ ಅದೇ, ಕೈ ಅದೇ, ಹೊತ್ತೂ ಅದೇ. ಹಣ ಹೋಗುವ ಕಡೆ ಮಾತ್ರ ಬದಲಾಗಿದೆ.

ಸಂಘ ಎಂಬ ಮಾತಿಗೂ ಇದೇ ಗತಿ ಆಯಿತು. ಮೈರಾಡ ಸಂಸ್ಥೆಯವರು 1980ರ ದಶಕದಲ್ಲಿ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಹೆಂಗಸರ ಗುಂಪು ಕಟ್ಟಿಸಿದಾಗ ನಿಯಮ ಇದ್ದದ್ದು ಮೊದಲು ಕೂಡಿಸು, ಆಮೇಲೆ ಕೂಡಿಸಿದ್ದರಲ್ಲಿ ಸಾಲ ಕೊಡು ಎಂದು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಬಂತು. ಅಂಗನವಾಡಿ ಟೀಚರು ಮುಂದೆ ನಿಂತು ವಾರಕ್ಕೆ ಹತ್ತು, ಇಪ್ಪತ್ತು ಕಟ್ಟಿಸಿದರು. ಆಗ ಸಂಘ ಎಂದರೆ ಕೂಡಿಸುವುದು. ಇವತ್ತು ಯಾವ ಓಣಿಯಲ್ಲಾದರೂ ಹೋಗಿ ‘ಸಂಘ ಇದೆಯಾ’ ಎಂದು ಕೇಳಿ, ‘ಯಾವ ಫೈನಾನ್ಸಿಂದು?’ ಎಂದು ತಿರುಗಿ ಕೇಳುತ್ತಾರೆ. ಹೆಂಗಸರು ಚಾಪೆ ಹಾಸಿ ಕೂರುವುದು, ಹಾಜರಿ, ಒಬ್ಬಳಿಗೆ ಆಗದಿದ್ದರೆ ಉಳಿದವರು ತುಂಬುವುದು ಎಲ್ಲವೂ ಹಾಗೇ ಇದೆ. ಒಳಗಿನ ತಿರುಳು ಮಾತ್ರ ಬದಲಾಗಿಹೋಯಿತು.

ಅದು ಎಲ್ಲಿಗೆ ಮುಟ್ಟಿತೆಂಬುದನ್ನು 2025ರ ಜನವರಿಯಲ್ಲಿ ರಾಜ್ಯವೇ ಕಂಡಿತು. ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ, ಬೇರೆ ಜಿಲ್ಲೆಗಳಿಂದ ಆತ್ಮಹತ್ಯೆಯ ಸುದ್ದಿ ಸಾಲುಸಾಲಾಗಿ ಬಂತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳು ಅದರ ವ್ಯಾಪ್ತಿಯಿಂದ ಹೊರಗೆ. ಅವಕ್ಕೆ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದೆ ಕೊಟ್ಟ ಸಾಲಕ್ಕೆ ಅದು ಅನ್ವಯ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಬರಬಾರದು. ಬಡ್ಡಿಗೆ ಮಾತ್ರ ಇಷ್ಟೇ ಎಂಬ ಮಿತಿಯನ್ನು ಆ ನಿಯಮದಲ್ಲಿ ತೆಗೆದುಹಾಕಿದರು. ಒಟ್ಟು ಬಡ್ಡಿ, ಖರ್ಚು ಎಷ್ಟೆಂದು ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಆ ಹಾಳೆ ಕೇಳಿ ಪಡೆದವರು ನಮ್ಮೂರಲ್ಲಿ ಎಷ್ಟು ಜನ ಇದ್ದಾರು?

ಎಲ್ಲಿ ಇಡುವುದು?

ಕೂಡಿಸಬೇಕೆಂದು ಮನಸ್ಸು ಮಾಡಿದವರಿಗೂ ದಾರಿ ಸಲೀಸಿಲ್ಲ. ಪೋಸ್ಟಾಫೀಸಿನ ಆರ್.ಡಿ. ಭದ್ರ, ತಿಂಗಳಿಗೆ ನೂರು ರೂಪಾಯಿಯಿಂದ ಶುರು ಮಾಡಬಹುದು, 2023ರ ಅಕ್ಟೋಬರಿನಿಂದ ಬಡ್ಡಿ ಶೇ. 6.7ಕ್ಕೆ ಏರಿತು. ಮನೆಗೇ ಬಂದು ಕಟ್ಟಿಸಿಕೊಳ್ಳುವ ಮಹಿಳಾ ಏಜೆಂಟರ ಪದ್ಧತಿ 1972ರಿಂದ ಇದೆ. ಆದರೆ ಅವಧಿ ಐದು ವರ್ಷ. ಮೂರು ವರ್ಷಕ್ಕೆ ಮುಂಚೆ ಮುರಿಯುವ ಹಾಗಿಲ್ಲ. ಹನ್ನೆರಡು ಕಂತು ಕಟ್ಟಿದ ಮೇಲೆ ಅರ್ಧದಷ್ಟು ಸಾಲ ಸಿಗುತ್ತದೆ. ನಮ್ಮ ತಾಯಿ ಬರುವುದು ಎರಡು ವರ್ಷಕ್ಕೆ! ಎರಡು ವರ್ಷದ ಟೈಂ ಡಿಪಾಜಿಟ್ ಇಟ್ಟಿರುವ ಪೋಸ್ಟಾಫೀಸಿಗೆ ಎರಡು ವರ್ಷದ ಆರ್.ಡಿ. ಯಾಕೆ ಹೊಳೆದಿಲ್ಲವೋ ಕಾಣೆ. ಗಂಟು ಇರುವವನಿಗೆ ಅನುಕೂಲ, ಗಂಟು ಕಟ್ಟಬೇಕಾದವನಿಗೆ ಐದು ವರ್ಷ ಕಾಯುವ ಶಿಕ್ಷೆ.

ಚೀಟಿ ಹಾಕುವವರು ಬಹಳ. ಚೀಟಿಯಲ್ಲಿ ಕಟ್ಟುವ ದಿನ ಉಂಟು, ಕೇಳುವವರು ಉಂಟು, ಅದಕ್ಕೇ ಜನ ಅದನ್ನು ಬಿಡುವುದಿಲ್ಲ. 1982ರ ಚೀಟಿ ಕಾಯ್ದೆಯಲ್ಲಿ ರಿಜಿಸ್ಟರಾದ ಚೀಟಿಯಾದರೆ ಕೇಳಲು ಒಂದು ಕಚೇರಿಯಾದರೂ ಇದೆ. ಓಣಿಯ ಚೀಟಿಗೆ ಇರುವುದು ನಡೆಸುವವರ ಮುಖ ಒಂದೇ. ಆ ಮುಖ ಒಂದು ಬೆಳಿಗ್ಗೆ ಕಾಣದಿದ್ದರೆ ಪೊಲೀಸ್ ಸ್ಟೇಷನ್ ಮುಂದೆ ಹೆಂಗಸರು ಗುಂಪುಗೂಡುವುದನ್ನು ಈ ಪುಟದ ಓದುಗರು ಹೊಸದಾಗಿ ಕೇಳಬೇಕಿಲ್ಲ.

ಪಿಗ್ಮಿ ಕಟ್ಟಿಸಿಕೊಳ್ಳುವ ಸೌಹಾರ್ದ, ಪತ್ತಿನ ಸಂಘಗಳ ವಿಚಾರದಲ್ಲಿ ಒಂದೇ ಒಂದು ಎಚ್ಚರಿಕೆ. 2020ರ ಫೆಬ್ರವರಿ 4ರಿಂದ ಬ್ಯಾಂಕ್ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ. ಆದರೆ ಬೋರ್ಡಿನ ಮೇಲೆ ‘ಸಹಕಾರಿ’ ಎಂದು ಬರೆದ ಮಾತ್ರಕ್ಕೆ ಬ್ಯಾಂಕ್ ಆಗುವುದಿಲ್ಲ. ಪತ್ತಿನ ಸಂಘಕ್ಕೆ ಆ ವಿಮೆ ಇಲ್ಲ. ಒಳ್ಳೆಯ ಸಂಘಗಳು ಬೇಕಾದಷ್ಟಿವೆ, ಕಷ್ಟಕ್ಕೂ ಆಗುತ್ತವೆ. ಅಲ್ಲಿ ಮೂರು ತಿಂಗಳ ಪಿಗ್ಮಿ ಕಟ್ಟಿ ತೆಗೆದು ಬ್ಯಾಂಕಿಗೆ ಹಾಕಿ. ಮಗಳ ಮದುವೆಯ ಗಂಟನ್ನೆಲ್ಲ ಅಲ್ಲೇ ಇಡಬೇಡಿ.

ಬಂಗಾರದ ಮಾತು ಬೇಡ. 2025ರ ಏಪ್ರಿಲಿನಲ್ಲಿ ಹತ್ತು ಗ್ರಾಂಗೆ ಲಕ್ಷ ರೂಪಾಯಿ ದಾಟಿದ ಮೇಲೆ ದಿನಗೂಲಿಯವರಿಗೆ ಅದು ಕೂಡಿಸುವ ವಸ್ತುವಾಗಿ ಉಳಿದಿಲ್ಲ, ಅಡ ಇಡುವ ವಸ್ತುವಾಗಿದೆ.

ಅರ್ಧ ಜಾತ್ರೆ

ಈಗ ನಿಜವಾದ ತೊಡಕಿಗೆ ಬರೋಣ. ಸಾಲದ ಕಂತು 2,644 ಹೋಗುತ್ತಿರುವ ಮನೆಗೆ ಅದರ ಜೊತೆಗೆ 1,960 ಕೂಡಿಸು ಎಂದರೆ ಅದು ಹೇಳುವವರ ತಪ್ಪು. ಎರಡೂ ಸೇರಿ 4,604. ಅಷ್ಟಿದ್ದರೆ ಸಾಲವನ್ನೇಕೆ ಮಾಡುತ್ತಿದ್ದರು? ಸಾಲದ ಸರದಿಯಿಂದ ಉಳಿತಾಯದ ಸರದಿಗೆ ದಾಟಬೇಕಾದರೆ ಎಲ್ಲೋ ಒಂದು ಕಡೆ ಒಂದು ಸಲ ತಡೆದುಕೊಳ್ಳಬೇಕು. ಅದಕ್ಕೆ ಇರುವ ಜಾಗ ಒಂದೇ: ಒಂದು ಜಾತ್ರೆಯನ್ನು ಅರ್ಧಕ್ಕೆ ಇಳಿಸುವುದು.

ಒಂದು ಸಲ, ಒಂದೇ ಸಲ, 50,000ದ ಬದಲು 25,000ದಲ್ಲಿ ಮುಗಿಸಿ ಅಷ್ಟೇ ಸಾಲ ಎತ್ತಿದರೆ ಕಂತು 1,322. ಹಿಂದೆ ಕಟ್ಟುತ್ತಿದ್ದ 2,644ರಲ್ಲಿ ಉಳಿಯುವ ಇನ್ನೊಂದು 1,322 ಆರ್.ಡಿ.ಗೆ. ಮನೆಯಿಂದ ಹೋಗುವ ದುಡ್ಡು ಒಂದು ರೂಪಾಯಿ ಹೆಚ್ಚಾಗಲಿಲ್ಲ. ಎರಡು ವರ್ಷಕ್ಕೆ ಕೈಯಲ್ಲಿ ಸುಮಾರು 33,700. ಎರಡನೇ ಜಾತ್ರೆ ಪೂರ್ತಿ ಮಾಡಿದರೂ ಸಾಲ ಬೇಕಾಗುವುದು 16,300 ಮಾತ್ರ, ಕಂತು 862. ಉಳಿದ 1,782 ಮತ್ತೆ ಆರ್.ಡಿ.ಗೆ. ಮೂರನೇ ಜಾತ್ರೆಗೆ ಕೈಯಲ್ಲಿ 45,400ರ ಸುಮಾರು. ಆ ಸಲ ಜೆರಾಕ್ಸ್ ಅಂಗಡಿಗೆ ಹೋಗುವ ಅಗತ್ಯವಿಲ್ಲ. ನಡುವೆ ಟಗರಿನ ರೇಟು ಏರಿರುತ್ತದೆ, ಒಪ್ಪಿದೆ. ಕೂಲಿಯೂ ಅಷ್ಟೋ ಇಷ್ಟೋ ಏರಿರುತ್ತದೆ.

ಕಾಗದದ ಮೇಲೆ ಇದು ಸುಲಭ. ಮನೆಯಲ್ಲಿ ಸುಲಭವಲ್ಲ. ಅರ್ಧ ಜಾತ್ರೆ ಎಂದರೆ ಯಾರನ್ನು ಬಿಡುವುದು? ಹರಿಹರದ ಬೀಗರನ್ನೋ, ಜಗಳೂರಿನ ಅಕ್ಕನ ಮನೆಯವರನ್ನೋ? ಹೋದ ಜಾತ್ರೆಗೆ ಅವರ ಊರಿನಲ್ಲಿ ಉಂಡು ಬಂದಿಲ್ಲವೆ? "ಅವರ ಮನ್ಯಾಗೆ ಏನೋ ಸರಿಯಿಲ್ಲ ಕಾಣ್ತತಿ" ಎಂಬ ಮಾತು ಹೊರಟರೆ ಮಗಳಿಗೆ ಸಂಬಂಧ ನೋಡುವವರ ಕಿವಿಗೂ ಬೀಳುತ್ತದೆ. ಬಡವರ ಮನೆಯಲ್ಲಿ ಮರ್ಯಾದೆ ಎನ್ನುವುದು ಅಲಂಕಾರದ ವಸ್ತುವಲ್ಲ. ಕಷ್ಟ ಬಂದಾಗ ಹತ್ತು ಸಾವಿರ ಕೈಗಡ ಹುಟ್ಟುವುದು, ಆಸ್ಪತ್ರೆಯಲ್ಲಿ ರಾತ್ರಿ ಕೂರಲು ಜನ ಸಿಗುವುದು ಅದರಿಂದಲೇ. ಆದ್ದರಿಂದ ಜಾತ್ರೆಯ ಖರ್ಚನ್ನು ಮೂಢತನ ಎಂದು ತಳ್ಳಿಹಾಕುವವರ ಜೊತೆ ಈ ಅಂಕಣ ಸೇರುವುದಿಲ್ಲ. ಒಬ್ಬರೇ ಕೈ ಹಿಡಿದರೆ ಅವಮಾನ. ಓಣಿಯ ಹತ್ತು ಮನೆ ಒಟ್ಟಿಗೆ ಮಾತಾಡಿಕೊಂಡು ಒಂದು ಜಾತ್ರೆಗೆ ಕೈ ಹಿಡಿದರೆ ಅದು ಪದ್ಧತಿ. ಕೊರೊನಾ ಕಾಲದಲ್ಲಿ ಐವತ್ತು ಜನರಲ್ಲಿ ಮದುವೆ ಮುಗಿಸಿದೆವಲ್ಲ, ಆಗ ಯಾರ ಮರ್ಯಾದೆ ಹೋಯಿತು? ಎಲ್ಲರದೂ ಒಂದೇ ಆಗಿದ್ದರಿಂದ ಯಾರದೂ ಹೋಗಲಿಲ್ಲ.

ಸಂಘಕ್ಕೆ ಸೇರುವ ಹತ್ತು ಹೆಂಗಸರು ಈ ಮಾತನ್ನು ಚಾಪೆಯ ಮೇಲೆ ಕೂತೇ ಆಡಬಹುದು. ಕಂತು ಕಟ್ಟುವ ದಿನವೇ ಕೂಡಿಸುವ ದಿನವೂ ಆಗಲಿ. ಫೈನಾನ್ಸಿನವನು ಎದ್ದು ಹೋದ ಮೇಲೆ ಹತ್ತು ನಿಮಿಷ ಕೂತು, ತಲೆಗಿಷ್ಟು ಎಂದು ತೆಗೆದು, ಒಬ್ಬಳು ಎಲ್ಲರ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದರಾಯಿತು. ಹತ್ತು ಜನರ ಕೂಲಿ ಕೆಡುವ ಬದಲು ಒಬ್ಬಳದು. ಮನೆಯಲ್ಲಿ ಕೇಳಿದರೆ ‘ಸಂಘದ ಕಂತು’ ಎಂದೇ ಹೇಳಬಹುದು, ಸುಳ್ಳೇನೂ ಆಗುವುದಿಲ್ಲ.

ಮೂರು ತಿಂಗಳಿಗೊಮ್ಮೆ ಜಿಲ್ಲೆಯ ಬ್ಯಾಂಕುಗಳ ಸಭೆ ಸೇರುತ್ತದೆ. ಸಾಲ ಎಷ್ಟು ಕೊಟ್ಟಿರಿ, ಗುರಿ ಎಷ್ಟು ಮುಟ್ಟಿತು ಎಂದು ಅಧಿಕಾರಿಗಳು ಓದಿಸಿ ಕೇಳುತ್ತಾರೆ, ಗದರಿಸುತ್ತಾರೆ. ಹಳೇ ಊರಿನ ಶಾಖೆಗಳಲ್ಲಿ ಸಣ್ಣ ಆರ್.ಡಿ. ಎಷ್ಟು ತೆರೆದಿರಿ, ಬ್ಯಾಂಕ್ ಮಿತ್ರ ವಾರಕ್ಕೆ ಎಷ್ಟು ಓಣಿ ಸುತ್ತಿದ ಎಂಬ ಒಂದು ಕಾಲಂ ಆ ಪಟ್ಟಿಗೆ ಸೇರಿಸಲು ಖರ್ಚೇನಿಲ್ಲ. ಜಾತ್ರೆಗೆ ಬಂದೋಬಸ್ತು, ಕುಡಿಯುವ ನೀರು, ಮೊಬೈಲ್ ಶೌಚಾಲಯದ ಸಭೆ ನಡೆಸುವ ಜಿಲ್ಲಾಡಳಿತ, ಜಾತ್ರೆ ಮುಗಿದ ಮರುವಾರವೇ ಬ್ಯಾಂಕಿನವರನ್ನು ದೇವಸ್ಥಾನದ ಬೀದಿಯಲ್ಲಿ ಎರಡು ದಿನ ಮೇಜು ಹಾಕಿ ಕೂರಿಸಲಿ.

ಅವರು ಬರುವವರೆಗೆ ಕಾಯಬೇಕಿಲ್ಲ. ಗೃಹಲಕ್ಷ್ಮಿ ಬೀಳುವ ಖಾತೆ ಇದೆಯಲ್ಲ, ಅದೇ ಬ್ಯಾಂಕಿಗೆ ಅದೇ ಪಾಸ್‌ಬುಕ್ ತೆಗೆದುಕೊಂಡು ಹೋಗಿ "ಇಪ್ಪತ್ನಾಲ್ಕು ತಿಂಗಳ ಆರ್.ಡಿ. ಮಾಡಿಕೊಡ್ರಿ ಸಾರ್" ಎಂದು ಕೇಳಿ. ಇಷ್ಟನೇ ತಾರೀಕು ಖಾತೆಯಿಂದ ತಾನೇ ಮುರಿದುಕೊಳ್ಳಲಿ ಎಂದು ಬರೆದುಕೊಡಿ. ತಾರೀಕು ಮಾತ್ರ ತಿಂಗಳ ಕೊನೆಗೆ ಇಡಬೇಡಿ. ಸಂಬಳವೋ ಬಟವಾಡೆಯೋ ಕೈಗೆ ಬಂದ ಮರುದಿನಕ್ಕೆ ಇಡಿ.